‘120 ವ್ಯಾಟ್ ಯೂನಿವರ್ಸಲ್’ ಚಾರ್ಜರ್ ಕೊಳ್ಳುವ ಮುಂಚೆ ಇದನ್ನು ಓದಿ

ಎಂಟು-ಹತ್ತು ಪಿನ್ನುಗಳ ಜೊತೆ ಬರುವ, 15ರಿಂದ 24 ವೋಲ್ಟ್‌ವರೆಗೆ ಸರಿಸುವ ಸ್ವಿಚ್ ಇರುವ ಅಗ್ಗದ ಯೂನಿವರ್ಸಲ್ ಅಡಾಪ್ಟರ್ ಹಾಕಿ ಕೆಟ್ಟ ಲ್ಯಾಪ್‌ಟಾಪ್‌ಗಳು ರಿಪೇರಿಗೆ ಬರುತ್ತಲೇ ಇರುತ್ತವೆ. ಮೂಲ ಚಾರ್ಜರ್ ಕೈಕೊಟ್ಟಿರುತ್ತದೆ, ಕಂಪನಿಯದು ಸಿಕ್ಕಿರುವುದಿಲ್ಲ, ಅಂಗಡಿಯವರು ‘ಎಲ್ಲಾದಕ್ಕೂ ಆಗುತ್ತೆ ಸರ್’ ಎಂದು ಇದನ್ನು ಕೊಟ್ಟಿರುತ್ತಾರೆ. ಲ್ಯಾಪ್‌ಟಾಪ್‌ಗೆ ಬೇಕಾದದ್ದು 19.5 ವೋಲ್ಟ್, ಸ್ವಿಚ್ ನಿಂತಿರುವುದು 24ರಲ್ಲಿ. ಬ್ಯಾಗಿನೊಳಗೆ ತಿಕ್ಕಾಡಿದರೂ ಆ ಸ್ವಿಚ್ ಜರುಗುತ್ತದೆ. ಬೋರ್ಡಿನ ರಕ್ಷಣಾ ಸರ್ಕ್ಯೂಟ್ ತಡೆದರೆ ಬಚಾವ್; ಇಲ್ಲವಾದರೆ ಚಾರ್ಜಿಂಗ್ ಭಾಗದ ಮಾಸ್‌ಫೆಟ್ (ಕರೆಂಟನ್ನು ಬಿಡುವ-ತಡೆಯುವ ಬಿಡಿಭಾಗ), ಅದನ್ನು ನಿಯಂತ್ರಿಸುವ ಐಸಿ ಚಿಪ್ ಎರಡೂ ಹೋಗಬಹುದು.

ಇನ್ನೊಂದು ಮೋಸ ಲೆಕ್ಕದಲ್ಲಿದೆ. ಪೆಟ್ಟಿಗೆಯ ಮೇಲಿನ 120 ವ್ಯಾಟ್ ಎಷ್ಟೋ ಸಲ 24 ವೋಲ್ಟ್, 5 ಆಂಪಿಯರ್‌ನ ಗುಣಲಬ್ಧ. ಅದೇ 5 ಆಂಪಿಯರ್ 19.5 ವೋಲ್ಟ್‌ನಲ್ಲಿ 97.5 ವ್ಯಾಟ್ ಮಾತ್ರ. 130 ವ್ಯಾಟ್ (19.5 ವೋಲ್ಟ್, 6.7 ಆಂಪಿಯರ್) ಕೇಳುವ ಲ್ಯಾಪ್‌ಟಾಪ್‌ಗೆ ಇದನ್ನು ಹಾಕಿದರೆ ಅಡಾಪ್ಟರ್ ಕಾದು ಕೆಂಡವಾಗುತ್ತದೆ, ಇಲ್ಲವೇ ಕಟ್ ಆಗುತ್ತಾ ಬರುತ್ತಾ ಇರುತ್ತದೆ. ಆದ್ದರಿಂದ ಹಳೆಯ ಚಾರ್ಜರಿನ ಲೇಬಲ್ಲಿನಲ್ಲಿ ‘ಔಟ್‌ಪುಟ್’ ಸಾಲನ್ನು ನೋಡಿ. ವೋಲ್ಟ್ ಹೊಂದಲೇಬೇಕು, 19ಕ್ಕೂ 19.5ಕ್ಕೂ ಇರುವಷ್ಟು ವ್ಯತ್ಯಾಸ ನಡೆಯುತ್ತದೆ. ಆಂಪಿಯರ್ ಅಷ್ಟೇ ಇರಲಿ ಅಥವಾ ಹೆಚ್ಚಿರಲಿ. ಹೆಚ್ಚಿದ್ದರೆ ತೊಂದರೆಯಿಲ್ಲ, ಲ್ಯಾಪ್‌ಟಾಪ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ.

ಡೆಲ್ ಇರುವವರು ಇನ್ನೂ ಹುಷಾರಾಗಿರಬೇಕು. ದುಂಡು ಪಿನ್ನಿನ ನಡುವಿನ ಸಣ್ಣ ಸೂಜಿ, ಅಡಾಪ್ಟರ್ ಎಷ್ಟು ವ್ಯಾಟಿನದು ಎಂದು ಲ್ಯಾಪ್‌ಟಾಪ್‌ಗೆ ತಿಳಿಸುತ್ತದೆ. ಯೂನಿವರ್ಸಲ್‌ನಲ್ಲಿ ಆ ಸಂಕೇತ ಇಲ್ಲದಿದ್ದರೆ, ಆನ್ ಮಾಡಿದಾಗ ಅಡಾಪ್ಟರ್ ಗುರುತಿಸಲಾಗಲಿಲ್ಲ ಎಂಬ ಎಚ್ಚರಿಕೆ ಬರುತ್ತದೆ. ಲ್ಯಾಪ್‌ಟಾಪ್ ಓಡುತ್ತದೆ, ಆದರೆ ಬ್ಯಾಟರಿ ತುಂಬುವುದಿಲ್ಲ, ಪ್ರೊಸೆಸರ್ ನಿಧಾನವಾಗುತ್ತದೆ. ಬ್ಯಾಟರಿ ಹೋಗಿದೆ ಎಂದುಕೊಂಡು ಹೊಸದನ್ನು ಕೊಂಡವರೂ ಇದ್ದಾರೆ, ಅದು ದಂಡ. ಲೇಬಲ್ಲಿನ ಫೋಟೊ ತೋರಿಸಿ ಅದೇ ಮಾದರಿಯದನ್ನೇ ಕೇಳಿ. ಬೆಂಗಳೂರಿನವರಾದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಬಹುದು.

ಟೈಪ್-ಸಿಯಲ್ಲಿ ಚಾರ್ಜ್ ಆಗುವ ಲ್ಯಾಪ್‌ಟಾಪ್ ಆದರೆ ಪಿಡಿ (ಯುಎಸ್‌ಬಿ ಪವರ್ ಡೆಲಿವರಿ) ಚಾರ್ಜರ್ ಎಷ್ಟೋ ಸುರಕ್ಷಿತ. ಮೊದಲು 5 ವೋಲ್ಟ್ ಕೊಟ್ಟು, ಲ್ಯಾಪ್‌ಟಾಪ್ ಕೇಳಿದ ಮೇಲೆಯೇ 20ಕ್ಕೆ ಏರುತ್ತದೆ. ಇಲ್ಲಿ ಎಡವಿಸುವುದು ಕೇಬಲ್. ಕೇಬಲ್ ಎಷ್ಟು ಕರೆಂಟ್ ತಾಳುತ್ತದೆ ಎಂದು ತಿಳಿಸುವ ಇ-ಮಾರ್ಕರ್ ಚಿಪ್ ಇಲ್ಲದ ಕೇಬಲ್ 3 ಆಂಪಿಯರ್‌ಗೆ, ಅಂದರೆ 60 ವ್ಯಾಟ್‌ಗೆ ನಿಲ್ಲುತ್ತದೆ, ಚಾರ್ಜರ್ 100 ವ್ಯಾಟಿನದಾದರೂ ಅಷ್ಟೇ. ಮೂರು ಪೋರ್ಟಿನ ‘100 ವ್ಯಾಟ್’ ಎಂದರೆ ಒಟ್ಟು ನೂರು. ಪಕ್ಕದಲ್ಲಿ ಫೋನ್ ಸಿಕ್ಕಿಸಿದೊಡನೆ ಲ್ಯಾಪ್‌ಟಾಪ್ ಪಾಲು 65ಕ್ಕೋ 45ಕ್ಕೋ ಇಳಿಯಬಹುದು. ಫೋನಿನ ಜೊತೆ ಬಂದ 80 ಅಥವಾ 120 ವ್ಯಾಟ್ ಚಾರ್ಜರನ್ನು ನಂಬಿ ಕೂರಬೇಡಿ. ಎಷ್ಟೋ ಚಾರ್ಜರುಗಳಲ್ಲಿ ಆ ವೇಗ ಅದೇ ಕಂಪನಿಯ ಫೋನಿಗೆ ಮಾತ್ರ.

ಇವತ್ತೇ ಯೂನಿವರ್ಸಲ್ ಬೇಕೇ ಬೇಕು ಎಂದಾದರೆ, ಲ್ಯಾಪ್‌ಟಾಪ್‌ಗೆ ಹಾಕುವ ಮುಂಚೆ ಮಲ್ಟಿಮೀಟರಿನಲ್ಲಿ ಡಿಸಿ ವೋಲ್ಟ್ ಅಳೆಯಿರಿ. ಕೆಂಪು ಮೊನೆ ಪಿನ್ನಿನ ಒಳಗೆ, ಕಪ್ಪು ಹೊರಮೈಗೆ. ಮೈನಸ್ ಚಿಹ್ನೆ ಬಂದರೆ ಧ್ರುವ ಅದಲುಬದಲಾಗಿದೆ, ಹಾಕಲೇಬೇಡಿ. ಸರಿಯಿದ್ದರೆ ಸ್ವಿಚ್ ಮೇಲೆ ಟೇಪ್ ಸುತ್ತಿಬಿಡಿ. ಹೊಸ ಚಾರ್ಜರಿನ ಲೇಬಲ್ಲಿನಲ್ಲಿ ‘ಆರ್’ ಅಕ್ಷರದಿಂದ ಶುರುವಾಗುವ ಎಂಟಂಕಿಯ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿ, ಬರುವ ಹೆಸರೂ ಚಾರ್ಜರಿನ ಮೇಲಿನ ಹೆಸರೂ ಒಂದೇ ಇದೆಯೇ ನೋಡಿ. ಬೇರೆ ಬೇರೆ ಇದ್ದರೆ ಬಿಲ್ಲಿನ ಸಮೇತ ಅಂದೇ ಹಿಂದಿರುಗಿಸಿ.