ಕರಡು ತಿದ್ದುವ ಮೇಜಿನಲ್ಲಿ ಕೆಡಿಇ ಪ್ಲಾಸ್ಮಾ 6

ಪುಸ್ತಕಗಳ ಕರಡು ತಿದ್ದುವ ಕೆಲಸ ನನ್ನದು. ಲಿನಕ್ಸ್‌ ಮೇಲೆ ಕೆಡಿಇ ಪ್ಲಾಸ್ಮಾ 6 ಎಂಬ ಡೆಸ್ಕ್‌ಟಾಪ್, ಅಂದರೆ ಕಿಟಕಿ, ಮೆನುಗಳನ್ನೆಲ್ಲ ಒದಗಿಸುವ ಪರದೆಯ ವ್ಯವಸ್ಥೆ, ಬಳಸುತ್ತೇನೆ. ಅದೇ ಕಂಪ್ಯೂಟರಿನ ಇನ್ನೊಂದು ಖಾತೆಯಲ್ಲಿ ಅಮ್ಮ ಫೋಟೊ ನೋಡುತ್ತಾರೆ, ಪತ್ರಿಕೆ ಓದುತ್ತಾರೆ. ನಮ್ಮಿಬ್ಬರಿಗೂ ಪ್ಲಾಸ್ಮಾ ಒಗ್ಗಿದೆ. ಇದಕ್ಕಿಂತ ದೊಡ್ಡ ಪ್ರಶಂಸೆ ನನಗೆ ತಿಳಿಯದು.

ಇದರ ಕಡತ ನಿರ್ವಾಹಕ ಡಾಲ್ಫಿನ್ ಅನ್ನೇ ನೋಡಿ. ತೆರೆದಾಗ ಎಡಗಡೆ ಜಾಗಗಳ ಪಟ್ಟಿ, ಬಲಗಡೆ ಕಡತಗಳು, ಮೇಲೆ ಕೆಲವೇ ಗುಂಡಿಗಳು. ಮೆನು ಸಾಲು ಕೂಡ ಮರೆಯಲ್ಲಿರುತ್ತದೆ. ಅಮ್ಮನಿಗೆ ಅಷ್ಟು ಸಾಕು. ನಾನು ಎಫ್3 ಒತ್ತಿದರೆ ಕಿಟಕಿ ಇಬ್ಭಾಗವಾಗಿ, ಒಂದು ಕಡೆ ಲೇಖಕರು ಕಳಿಸಿದ ಕಡತಗಳು, ಇನ್ನೊಂದು ಕಡೆ ತಿದ್ದಿದವು. ಎಫ್4 ಒತ್ತಿದರೆ ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್ ಅದೇ ಫೋಲ್ಡರಿನಲ್ಲಿ ತೆರೆಯುತ್ತದೆ. ಮೊಬೈಲಿನಲ್ಲಿ ತೆಗೆದು ಕಳಿಸಿದ ಹಸ್ತಪ್ರತಿಯ ಪುಟಗಳಿಗೆ ಉದ್ದುದ್ದ ಅಂಕಿಗಳ ಹೆಸರಿರುತ್ತದಲ್ಲ, ಅವನ್ನೆಲ್ಲ ಒಟ್ಟಿಗೆ ಆರಿಸಿ, ಎಫ್2 ಒತ್ತಿ, ‘ಪುಟ #’ ಎಂದು ಬರೆದರೆ ಮುಗಿಯಿತು. # ಇದ್ದಲ್ಲಿ ಕ್ರಮಸಂಖ್ಯೆ ಬಂದು ಕೂರುತ್ತದೆ. ಎಷ್ಟರಿಂದ ಶುರುವಾಗಬೇಕೆಂದೂ ಹೇಳಬಹುದು. ಈ ಸೌಲಭ್ಯ ಅಲ್ಲಿದೆ ಎಂಬುದೇ ಅಮ್ಮನಿಗೆ ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಬಿದ್ದಿಲ್ಲ.

ಹಿಂದೆಲ್ಲ ಪ್ಲಾಸ್ಮಾದಲ್ಲಿ ಒಂದೇ ಕ್ಲಿಕ್‌ಗೆ ಕಡತ ತೆರೆದುಕೊಳ್ಳುತ್ತಿತ್ತು. ವಿಂಡೋಸ್‌ನಿಂದ ಬಂದವರು ಗಲಿಬಿಲಿಗೊಳ್ಳುತ್ತಿದ್ದರು. 2024ರ ಫೆಬ್ರುವರಿ 28ರಂದು ಬಂದ ಆರನೆಯ ಆವೃತ್ತಿಯಲ್ಲಿ ಎರಡು ಕ್ಲಿಕ್ ರೂಢಿಯಾಯಿತು. ಹಳೆಯ ಕ್ರಮ ಬೇಕೆನ್ನುವವರಿಗೆ ಅದು ಸೆಟ್ಟಿಂಗ್ಸ್‌ನಲ್ಲಿ ಹಾಗೆಯೇ ಉಳಿದಿದೆ. ಹೊಸಬರಿಗೆ ದಾರಿ ಮಾಡಿಕೊಡಲು ಹಳಬರ ಕೈಯಿಂದ ಏನನ್ನೂ ಕಿತ್ತುಕೊಳ್ಳಲಿಲ್ಲ. ಲಿನಕ್ಸ್‌ನ ಇನ್ನೊಂದು ಡೆಸ್ಕ್‌ಟಾಪ್ ಗ್ನೋಮ್ ಹಾಗಲ್ಲ. 2011ರಲ್ಲಿ ಗ್ನೋಮ್ 3 ಬಂದಾಗ ಕಿಟಕಿಯನ್ನು ಕೆಳಗಿಳಿಸುವ, ಹಿಗ್ಗಿಸುವ ಗುಂಡಿಗಳನ್ನೇ ತೆಗೆದಿದ್ದರು. ಮರಳಿ ಪಡೆಯಲು ಬೇರೊಂದು ಉಪಕರಣದ ಮೊರೆ ಹೋಗಬೇಕಿತ್ತು. ಗ್ನೋಮ್‌ನ ಅಚ್ಚುಕಟ್ಟು ನನಗೂ ಇಷ್ಟವೇ. ಆದರೆ ಕೈ ಬೇಡಿದ್ದನ್ನು ಕೊಡದ ಅಚ್ಚುಕಟ್ಟು ನನ್ನ ಕೆಲಸಕ್ಕೆ ಒದಗುವುದಿಲ್ಲ.

ಕನ್ನಡದ ಮಟ್ಟಿಗೂ ನೆಮ್ಮದಿ: ಕೀಲಿಮಣೆಗಳ ಪಟ್ಟಿಯಲ್ಲಿ ಕಗಪ ವಿನ್ಯಾಸವಿದೆ, ನುಡಿ ತಂತ್ರಾಂಶದಲ್ಲಿ ಪಳಗಿದ ಬೆರಳುಗಳು ತಡವರಿಸುವುದಿಲ್ಲ.

ನನ್ನ ತಕರಾರು ಇರುವುದು ಸೆಟ್ಟಿಂಗ್ಸ್‌ನಲ್ಲಿರುವ ಕಿಟಕಿ ನಿಯಮಗಳ ಪುಟದ ಬಗ್ಗೆ. ಪಿಡಿಎಫ್ ತೋರಿಸುವ ಒಕ್ಯುಲರ್ ಯಾವಾಗಲೂ ಪರದೆಯ ಬಲ ಅರ್ಧದಲ್ಲೇ ತೆರೆಯಲಿ ಎಂದು ಇಲ್ಲಿ ಕಟ್ಟುಪಾಡು ಮಾಡಬಹುದು. ಕರಡು ಬಲಕ್ಕೆ, ಮೂಲ ಎಡಕ್ಕೆ. ನನಗೆ ಇದಕ್ಕಿಂತ ಉಪಕಾರ ಬೇರಿಲ್ಲ. ಆದರೆ ಅಲ್ಲಿಗೆ ಹೋದವರ ಎದುರು ಗುಣಲಕ್ಷಣಗಳ ದೊಡ್ಡ ರಾಶಿಯೇ ಬಂದು ಬೀಳುತ್ತದೆ. ಜಾಗವನ್ನು ಪರದೆಯ ಮೇಲೆ ಎಳೆದು ತೋರಿಸುವ ಬದಲು ಅಂಕಿಗಳಲ್ಲಿ ತುಂಬಬೇಕು. ಆರಂಭದಲ್ಲಿ ಮಾತ್ರವೇ, ಸದಾ ಬಲವಂತವಾಗಿಯೇ ಎಂಬ ಆಯ್ಕೆಗಳ ವ್ಯತ್ಯಾಸ ಮೊದಲ ಸಲ ನೋಡುವವರಿಗೆ ಹೊಳೆಯುವುದು ಕಷ್ಟ. ಡಾಲ್ಫಿನ್ ರೂಪಿಸಿದಾಗಿನ ಜಾಣ್ಮೆಯನ್ನು ಈ ಪುಟಕ್ಕೂ ತೋರಿಸಲಿ: ಸಾಮಾನ್ಯವಾಗಿ ಬೇಕಾಗುವ ನಾಲ್ಕು ಆಯ್ಕೆಗಳು ಮೇಲಿರಲಿ, ಉಳಿದವು ಒಂದು ಹೆಜ್ಜೆ ಒಳಗಿರಲಿ.