ಬಿಯರ್ ಪ್ಯಾನೆಲ್‌ಗೆ ಯಾವ ಕಾಂಟ್ಯಾಕ್ಟರ್ ಹಾಕೋಣ?

ಅಮೆರಿಕದಲ್ಲಿ ಮನೆಬಳಕೆಗೆ ಬಿಯರ್ ಮಾಡಿಕೊಳ್ಳಲು 1978ರ ಕಾನೂನಿನಿಂದ ಅವಕಾಶ ಸಿಕ್ಕಿತು. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮಾಡುವ ಹಾಗಿಲ್ಲ. ಊರಲ್ಲಿರುವವರು ಸುಮ್ನೆ ಓದಿಕೊಳ್ಳಿ, ಅಷ್ಟೆ. ಇಲ್ಲಿ ಅಮೆರಿಕದ ನನ್ನ ಗ್ಯಾರೇಜಿನಲ್ಲಿ ಬಿಯರ್ ಪಾತ್ರೆ ಕಾಯಿಸಲು ಇರುವುದು 5500 ವಾಟ್ ಎಲಿಮೆಂಟ್, 240 ವೋಲ್ಟ್ ಲೈನ್, 30 ಆಂಪ್ಸ್ ಬ್ರೇಕರ್. ಎಲಿಮೆಂಟ್ ಎಳೆಯುವುದು ಸುಮಾರು 23 ಆಂಪ್ಸ್. ಕಾಂಟ್ಯಾಕ್ಟರ್ ಅಂದರೆ ಒಳಗಿನ ಕಾಯಿಲ್‌ಗೆ ಕರೆಂಟ್ ಕೊಟ್ಟಾಗ ದೊಡ್ಡ ಲೈನನ್ನು ಜೋಡಿಸುವ ಸ್ವಿಚ್. ಎಲಿಮೆಂಟ್ ನಡೆಸುವ ಈ ಪ್ಯಾನೆಲ್‌ನಲ್ಲಿ ಮೂರು ಥರದ್ದು ಹಾಕಿ ನೋಡಿದ್ದೇನೆ.

ಬಿಸಿ ಹದದಲ್ಲಿಡಲು ಪಿಐಡಿ ಅನ್ನುವ ಉಷ್ಣತೆ ನಿಯಂತ್ರಕ ಎರಡೆರಡು ಸೆಕೆಂಡಿಗೆ ಎಲಿಮೆಂಟನ್ನು ಆನ್-ಆಫ್ ಮಾಡುತ್ತಿರುತ್ತದೆ. ಆ ಕೆಲಸ ಎಸ್‌ಎಸ್‌ಆರ್‌ಗೇ (ಸಾಲಿಡ್ ಸ್ಟೇಟ್ ರಿಲೇ, ಅಲುಗಾಡುವ ಭಾಗವಿಲ್ಲದ ಎಲೆಕ್ಟ್ರಾನಿಕ್ ಸ್ವಿಚ್) ಸರಿ. ಕಾಂಟ್ಯಾಕ್ಟರ್ ಇರುವುದು ಕರೆಂಟ್ ಪೂರ್ತಿ ಕಡಿಯಲು. ಎಸ್‌ಎಸ್‌ಆರ್ ಕೆಟ್ಟಾಗ ಹೆಚ್ಚಾಗಿ ಆನ್ ಆಗಿಯೇ ನಿಂತುಬಿಡುತ್ತದೆ. ಚೆನ್ನಾಗಿದ್ದರೂ ಆಫ್‌ನಲ್ಲಿ ಚೂರು ಕರೆಂಟ್ ಸೋರುತ್ತದೆ. ಎಲಿಮೆಂಟ್ ಪ್ಲಗ್ ಕಳಚಿ ಸಾಕೆಟ್‌ಗೆ ಮೀಟರ್ ಹಿಡಿದರೆ ವೋಲ್ಟೇಜ್ ಕಾಣುತ್ತದೆ. ಅಲ್ಲಿಗೆ ಕೈ ಹಾಕಲು ಯಾರಿಗೆ ಧೈರ್ಯ ಬರುತ್ತೆ?

ಅಗ್ಗದ್ದು ಬೇಕೆಂದರೆ ಏಸಿಯ ಹೊರಗಿನ ಯೂನಿಟ್‌ನಲ್ಲಿರುವ ಡೆಫಿನಿಟ್ ಪರ್ಪಸ್ ಕಾಂಟ್ಯಾಕ್ಟರ್. ಎಲ್ಲೆಡೆ ಸಿಗುತ್ತದೆ, ದಪ್ಪ ವೈರ್ ಸಲೀಸಾಗಿ ಕೂರುತ್ತದೆ, 30 ಆಂಪ್ಸ್‌ಗೆ ಗಟ್ಟಿ. ಆದರೆ ಟರ್ಮಿನಲ್‌ಗಳು ಬಟಾಬಯಲು, ಕಾಯಿಲ್ ಗುಂಯ್ ಅನ್ನುತ್ತದೆ. ಇದಕ್ಕಿಂತ ದೊಡ್ಡ ತಕರಾರು ಸಿಂಗಲ್ ಪೋಲ್ ಮಾಡೆಲ್‌ನದು. ಅದರಲ್ಲಿ ಒಂದು ಬದಿಗೆ ಬರೀ ತಾಮ್ರದ ಪಟ್ಟಿ ಇರುತ್ತದೆ, ಆ ವೈರ್ ಕಡಿಯುವುದೇ ಇಲ್ಲ. ನಮ್ಮೂರ 230 ವೋಲ್ಟ್‌ನಲ್ಲಿ ಒಂದು ಫೇಸ್, ಒಂದು ನ್ಯೂಟ್ರಲ್. ಇಲ್ಲಿನ 240ರಲ್ಲಿ ಎರಡೂ ಲೈವ್. ಹಾಗಾಗಿ ಎರಡೂ ವೈರ್ ಕಡಿಯುವ ಟೂ ಪೋಲ್ ಅಲ್ಲದ್ದನ್ನು ಮುಟ್ಟಲೇಬೇಡಿ.

ಸದ್ದೇ ಬೇಡ ಅನ್ನುವವರಿಗೆ ಬ್ರೇಕರ್ ಥರ ಕಾಣುವ ಮಾಡ್ಯುಲರ್ ಕಾಂಟ್ಯಾಕ್ಟರ್ ಇದೆ. ಪುಟ್ಟದು, ನೋಡಲೂ ಚೆಂದ. ಆದರೆ 25 ಆಂಪ್ಸ್‌ನದಕ್ಕೆ 23 ಆಂಪ್ಸ್ ತಾಸುಗಟ್ಟಲೆ ಹರಿದರೆ ಮೈ ಕಾಯುತ್ತದೆ, ಪಕ್ಕದಲ್ಲಿ ಜಾಗ ಬಿಡಬೇಕು. 40ರದ್ದು ತಗೊಂಡರೆ ಬೆಲೆ ಏರುತ್ತದೆ, 120 ವೋಲ್ಟ್ ಕಾಯಿಲ್‌ನದು ಹುಡುಕಬೇಕು. ನನಗೆ ಸರಿಬರಲಿಲ್ಲ.

ಈಗ ಉಳಿದಿರುವುದು ಡಿನ್ ರೈಲ್ (ಪ್ಯಾನೆಲ್ ಒಳಗಿನ ಲೋಹದ ಪಟ್ಟಿ) ಮೇಲೆ ಕೂರುವ, ಐಇಸಿ ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಕಾಂಟ್ಯಾಕ್ಟರ್, ಶ್ನೈಡರ್‌ನ ಎಲ್‌ಸಿ1ಡಿ18. ಹೆಸರಲ್ಲಿ 18 ನೋಡಿ ಗಾಬರಿ ಬೇಡ. ಅದು ಎಸಿ-3, ಅಂದರೆ ಮೋಟಾರ್ ಲೆಕ್ಕ. ಹೀಟರ್‌ಗೆ ನೋಡಬೇಕಾದದ್ದು ಎಸಿ-1, ಅಲ್ಲಿ 32 ಆಂಪ್ಸ್ ಇದೆ. ಇದರ ತಮ್ಮ ಡಿ09ಕ್ಕೂ ಎಸಿ-1 ಲೆಕ್ಕದಲ್ಲಿ 25 ಆಂಪ್ಸ್ ಇದೆ, ಆದರೆ ಅಷ್ಟು ಅಂಚಿನಲ್ಲಿ ಓಡಿಸಲು ನನಗಿಷ್ಟವಿಲ್ಲ.

ಇದನ್ನು ಉಳಿಸಿಕೊಳ್ಳಲು ಮುಖ್ಯ ಕಾರಣ ಒಳಗೇ ಇರುವ ಸಹಾಯಕ ಕಾಂಟ್ಯಾಕ್ಟ್, ಅಂದರೆ ಮುಖ್ಯ ಲೈನಿನ ಜೊತೆಗೇ ಕೂಡುವ ಚಿಕ್ಕ ಸ್ವಿಚ್. ಆನ್ ಮಾಡುವ ಹಸಿರು ಬಟನ್‌ಗೆ ಪ್ಯಾರಲಲ್ ಆಗಿ ಅದನ್ನು ಜೋಡಿಸಿದರೆ, ಬಟನ್ ಬಿಟ್ಟ ಮೇಲೂ ಕಾಯಿಲ್ ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ಕರೆಂಟ್ ಹೋದರೆ ಕೈಬಿಡುತ್ತದೆ. ವಾಪಸ್ ಬಂದರೂ ನೀವು ಒತ್ತುವ ತನಕ ಏಳುವುದಿಲ್ಲ. ತೋಟದ ಬೋರ್‌ವೆಲ್ ಸ್ಟಾರ್ಟರ್ ಇರುವುದೂ ಹೀಗೇ ಅಲ್ವಾ? ಅಲ್ಲಿ ಇದು ರೇಜಿಗೆ, ನಡುರಾತ್ರಿ ಎದ್ದು ಹೋಗಿ ಒತ್ತಬೇಕು. ಇಲ್ಲಿ ಮಾತ್ರ ಬೇಕಾದ್ದೇ ಅದು. ಪಾತ್ರೆ ಖಾಲಿ ಮಾಡಿದ ಮೇಲೆ ಕರೆಂಟ್ ಬಂದು ಎಲಿಮೆಂಟ್ ತಾನಾಗಿ ಹೊತ್ತಿಕೊಂಡರೆ ನಿಮಿಷದಲ್ಲೇ ಸುಟ್ಟುಹೋಗುತ್ತದೆ. ಏಸಿ ಕಾಂಟ್ಯಾಕ್ಟರ್‌ನಲ್ಲಿ ಈ ಹೆಚ್ಚುವರಿ ಕಾಂಟ್ಯಾಕ್ಟ್ ಸಾಮಾನ್ಯವಾಗಿ ಇರುವುದಿಲ್ಲ.

ಬೆಲೆ ಜಾಸ್ತಿ, ನಿಜ. ಎಳೆದುಕೊಳ್ಳುವಾಗ ಠಪ್ ಅಂತ ಜೋರಾಗಿಯೇ ಬಡಿಯುತ್ತದೆ. ಆಮೇಲೆ ಸದ್ದಿಲ್ಲ.

ಕೊಳ್ಳುವಾಗ ನಂಬರಿನ ಬಾಲ ನೋಡಿ. ಜಿ7 ಅಂದರೆ 120 ವೋಲ್ಟ್ ಕಾಯಿಲ್, ಬಿ7 ಅಂದರೆ 24 ವೋಲ್ಟ್ ಎಸಿ. 120ರದ್ದಕ್ಕೆ ನ್ಯೂಟ್ರಲ್ ಬೇಕು. ಗೋಡೆಯಲ್ಲಿ ಬಟ್ಟೆ ಒಣಗಿಸುವ ಡ್ರೈಯರ್‌ನ ಹಳೇ ಸಾಕೆಟ್ ಇದ್ದು ಅದರಲ್ಲಿ ಮೂರೇ ವೈರ್ ಇದ್ದರೆ, ನ್ಯೂಟ್ರಲ್ ಮತ್ತು ಅರ್ಥ್ ಬೇರೆಬೇರೆ ಇರುವುದಿಲ್ಲ; ಮೊದಲು ಎಲೆಕ್ಟ್ರಿಷಿಯನ್ ಕರೆಸಿ, ಕಾಂಟ್ಯಾಕ್ಟರ್ ಆಮೇಲೆ ತಗೊಳ್ಳಿ.