ಬಿಜಿ-2 ಹತ್ತಿ ಬೀಜ, 475 ಗ್ರಾಂ ಪ್ಯಾಕೆಟ್: ಗುಲಗಂಜಿ ಹುಳುವಿನ ಲೆಕ್ಕದಲ್ಲಿ

ಹಾವೇರಿ, ರಾಣೆಬೆನ್ನೂರಿನ ಬೀಜದಂಗಡಿಗಳಲ್ಲಿ ಮುಂಗಾರಿಗೆ ಸಿಗುವ ಈ ಬಿಜಿ-2 (ಬೋಲ್‌ಗಾರ್ಡ್-2), ಅಂದರೆ ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಬಿಟಿ ಹತ್ತಿಯ ಪ್ಯಾಕೆಟ್ಟನ್ನು ಇಳುವರಿಯೊಂದರಿಂದಲೇ ಅಳೆಯಬಾರದು. ಹೊಲದ ಗುಲಗಂಜಿ ಹುಳು, ಜೇಡ, ಜೇನ್ನೊಣ ಉಳಿಯುತ್ತವೆಯೇ ಎಂಬುದನ್ನೂ ನೋಡಬೇಕು.

ಬೀಜದೊಳಗಿನ ಕ್ರೈ1ಎಸಿ, ಕ್ರೈ2ಎಬಿ ಪ್ರೋಟೀನುಗಳ ಮಟ್ಟಿಗೆ ಪೂರ್ತಿ ಅಂಕ. ಇವು ಕಾಯಿಕೊರಕದ ಕರುಳಿಗೆ ಅಂಟಿ ತೂತು ಮಾಡುತ್ತವೆ. ಗುಲಗಂಜಿ, ಜೇನಿನ ಕರುಳಲ್ಲಿ ಅಂಟಲು ಜಾಗವಿಲ್ಲ. ಸಸ್ಯಹೇನು ಹೀರುವ ಗಿಡದ ರಸದಲ್ಲಿ ಈ ಪ್ರೋಟೀನು ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ಹೇನು ತಿಂದ ಗುಲಗಂಜಿಯೂ ಕ್ಷೇಮ.

ಅಂಕ ಕಳೆಯುವುದು ಬೀಜದ ಮೇಲಿನ ಬಣ್ಣದ ಲೇಪ. ಸಾಮಾನ್ಯವಾಗಿ ಅದು ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ. ಸುಮಾರು ಒಂದು ತಿಂಗಳು ಗಿಡದ ರಸದಲ್ಲೇ ಇದ್ದು ಹೇನು, ಜಿಗಿಹುಳುಗಳನ್ನು ತಡೆಯುತ್ತದೆ. ಅಷ್ಟರಲ್ಲೇ ಅದೇ ಎಣ್ಣೆ ಮತ್ತೆ ಹೊಡೆದರೆ ದುಡ್ಡೂ ಹೋಯಿತು, ಮಿತ್ರಹುಳುಗಳೂ ಹೋದವು. ಸಿಂಪಡಿಸುವ ಮುಂಚೆ ಎಲೆ ಮಗುಚಿ ನೋಡಿ. ಕೂದಲೆಳೆಯಂಥ ದಂಟಿನ ತುದಿಯಲ್ಲಿ ಬಿಳಿ ಚುಕ್ಕೆ ನಿಂತಿದ್ದರೆ ಅದು ಬೂಷ್ಟಲ್ಲ, ಹಸಿರು ಜಾಲರೆಕ್ಕೆ ಹುಳುವಿನ ಮೊಟ್ಟೆ. ಮೊಸಳೆ ಮರಿಯಂಥ ಕಪ್ಪು ಹುಳು ಗುಲಗಂಜಿಯ ಮರಿ, ದಯವಿಟ್ಟು ಹೊಸಕಬೇಡಿ. ಎರಡು ಪೀಡೆಗೆ ಒಂದು ಮಿತ್ರಹುಳು ಕಂಡರೆ ಪಂಪು ಕೆಳಗಿಡಿ. ಎಲೆಗೆ 2 ಜಿಗಿಹುಳು ಮರಿ ದಾಟಿ, ಮಿತ್ರಹುಳು ಕಾಣದಿದ್ದರೆ ಮಾತ್ರ ಔಷಧಿ.

ಇನ್ನೊಂದು ಕೊರತೆ, ರಸ ಹೀರುವ ಮಿರಿಡ್ ತಿಗಣೆ. ಕಾಯಿಕೊರಕಕ್ಕೆಂದು ಹೊಡೆಯುತ್ತಿದ್ದ ಎಣ್ಣೆ ಕಡಿಮೆಯಾದ ಮೇಲೆ ಇದಕ್ಕೆ ಮೈದಾನ ಸಿಕ್ಕಿತು; ಬಿಟಿ ಪ್ರೋಟೀನು ಇದನ್ನು ಮುಟ್ಟುವುದಿಲ್ಲ. ಮೊಗ್ಗು ಉದುರುತ್ತದೆ, ಉಳಿದ ಕಾಯಿ ಗಿಳಿಕೊಕ್ಕಿನಂತೆ ಸೊಟ್ಟಗಾಗುತ್ತದೆ. ಗುಲಾಬಿ ಕಾಯಿಕೊರಕವಂತೂ ಎರಡೂ ಪ್ರೋಟೀನಿಗೆ ನಿರೋಧಕತೆ ಬೆಳೆಸಿಕೊಂಡಿದೆ: ಎಕರೆಗೆ 2 ಮೋಹಕ ಬಲೆ (ವಾಸನೆಯಿಂದ ಗಂಡು ಪತಂಗ ಸೆಳೆಯುವ ಬಲೆ) ಕಟ್ಟಿ, ಬಲೆಗೆ ದಿನಕ್ಕೆ 8 ಪತಂಗ ಸತತ 3 ದಿನ ಬಿದ್ದರೆ ಎಚ್ಚರ.

ಕೊನೆಯದು, ಪ್ಯಾಕೆಟ್ಟಿನಲ್ಲೇ ಬೆರೆಸಿರುವ ಬಿಟಿ ಅಲ್ಲದ ಬೀಜ. ಶೇ. 5ರಿಂದ 10, ಅಂದರೆ ಸುಮಾರು 24ರಿಂದ 48 ಗ್ರಾಂ. ನೋಡಿದರೆ ಗುರುತು ಸಿಗದು. ಅಲ್ಲೊಂದು ಇಲ್ಲೊಂದು ಗಿಡ ಕೀಡೆ ತಿಂದಂತಿದ್ದರೆ ಕಳಪೆ ಬೀಜವೆಂದು ಕಿತ್ತೆಸೆಯಬೇಡಿ. ಕೀಡೆಯ ಮೈಯಲ್ಲೇ ಮೊಟ್ಟೆಯಿಡುವ ಪರಾವಲಂಬಿ ಕಣಜಗಳಿಗೆ ಹೊಲದಲ್ಲಿ ಆ ಗಿಡಗಳೂ ಒಂದು ಆಸರೆ.